ಕಬಡ್ಡಿ ಆಡುವ ಹುಡುಗರ ಮನೆಯವರೇ, ಸಹಿ ಹಾಕುವ ಮುಂಚೆ ಇದನ್ನ ಓದಿ

ಮೊದಲೇ ಹೇಳಿಬಿಡುತ್ತೇನೆ, ಕಬಡ್ಡಿ ಆಡುವ ನನ್ನ ತಮ್ಮನಿಗೆ ಏಜೆಂಟ್ ಕೊಟ್ಟ ಒಪ್ಪಂದದ ಕಾಗದ ಓದಿದ್ದು ನಾನೇ. ಅಪ್ಪನಿಗೆ ಇಂಗ್ಲಿಷ್ ಬರಲ್ಲ. ತಮ್ಮನಿಗೆ ಓದುವ ತಾಳ್ಮೆ ಇರಲಿಲ್ಲ. ಬಿ.ಕಾಂ. ಮಾಡಿದವನು, ಮೈಸೂರಿನಲ್ಲಿ ಅಕೌಂಟ್ಸ್ ಕೆಲಸದಲ್ಲಿರುವವನು ಅಂತ ನನ್ನ ಕೈಗೆ ಕೊಟ್ಟರು. ಒಟ್ಟು 11 ಪುಟ. ಮೂರು ಪುಟ ಸರಿಯಾಗಿ ಓದಿದೆ, ಉಳಿದದ್ದನ್ನ ಸುಮ್ನೆ ತಿರುವಿ ಹಾಕಿದೆ. "ಎಲ್ಲ ಕಡೆ ಇರೋ ಫಾರ್ಮ್ಯಾಟೇ ಇದು, ಸಹಿ ಹಾಕು" ಅಂದೆ.

ನಮ್ಮೂರು ಮಂಡ್ಯದ ಹತ್ತಿರ. ಈ ಕಡೆ ಹೊನಲು ಬೆಳಕಿನ ಕಬಡ್ಡಿ ಅಂದರೆ ಹಬ್ಬವೇ, ಗೊತ್ತಲ್ಲ. ಆ ವರ್ಷ ಪಕ್ಕದೂರಿನ ಟೂರ್ನಮೆಂಟಿನಲ್ಲಿ ನಮ್ಮ ಹುಡುಗರಿಗೆ ಎರಡನೇ ಬಹುಮಾನ ಬಂತು, ಒಂದು ಟಗರು. ತಮ್ಮನಿಗೆ ಬೆಸ್ಟ್ ರೈಡರ್ ಕಪ್ಪು. ಅವನಿಗೆ ಆಗ 17 ವರ್ಷ, ಎರಡನೇ ಪಿಯುಸಿ. ರಾತ್ರಿ ಎರಡು ಗಂಟೆಗೆ ಟಗರನ್ನ ಗೂಡ್ಸ್ ಆಟೋಗೆ ಹತ್ತಿಸುತ್ತಿದ್ದಾಗ ಒಬ್ಬರು ಬಂದು ಕೈ ಕುಲುಕಿದರು. ಕಾಲರ್ ಇರುವ ಟೀ ಶರ್ಟು, ಎದೆ ಮೇಲೆ ಕಂಪನಿ ಲೋಗೋ. "ಇವನ ರನ್ನಿಂಗ್ ಹ್ಯಾಂಡ್ ಟಚ್ ನೋಡಿದೆ ಸರ್. ಇದು ಮಣ್ಣಲ್ಲಿ ಆಡೋ ಹುಡುಗ ಅಲ್ಲ, ಮ್ಯಾಟ್ ಮೇಲೆ ಇರಬೇಕಾದವನು" ಅಂದರು. ಈ ಮಾತಿಗೆ ಯಾರು ಬೀಳಲ್ಲ ಹೇಳಿ?

ಮುಂದಿನ ವಾರ ಮೈಸೂರಿನ ಒಂದು ಹೋಟೆಲಿನಲ್ಲಿ ಕೂರಿಸಿ ಮೊಬೈಲ್ ತೋರಿಸಿದರು. ಪ್ರೊ ಕಬಡ್ಡಿ ಆಟಗಾರರ ಜೊತೆ ಅವರ ಫೋಟೋಗಳು, ಒಂದಲ್ಲ, ಹತ್ತಾರು. 2023ರ ಹರಾಜಿನಲ್ಲಿ ಪವನ್ ಸೆಹ್ರಾವತ್ ಅವರನ್ನ ತೆಲುಗು ಟೈಟಾನ್ಸ್ ತಗೊಂಡಿದ್ದು 2.605 ಕೋಟಿಗೆ. ಅದನ್ನ ಮೂರು ಸಲ ಹೇಳಿದರು. ಆ ಆಟಗಾರರಲ್ಲಿ ಒಬ್ಬರಿಗಾದರೂ ಇವರು ಏಜೆಂಟಾ ಅಂತ ನಾನು ಕೇಳಲಿಲ್ಲ. ಸ್ಟೇಡಿಯಂ ಹೊರಗೆ ನಿಂತರೆ ಸೆಲ್ಫಿ ಯಾರಿಗೆ ಬೇಕಾದರೂ ಸಿಗುತ್ತೆ ಅಂತ ಆಗ ಹೊಳೆಯಲಿಲ್ಲ.

ಲೆಕ್ಕ ಹೀಗಿತ್ತು. ನೋಂದಣಿಗೆ 25,000. ಫಿಟ್‌ನೆಸ್ ಕ್ಯಾಂಪು ಮತ್ತು ಪ್ರೊಫೈಲ್ ವಿಡಿಯೋಗೆ 40,000. "ಇಂಟರ್‌ನ್ಯಾಷನಲ್ ಎಕ್ಸ್‌ಪೋಷರ್" ಅಂತ ನೇಪಾಳದ ಟೂರ್ನಮೆಂಟಿಗೆ 35,000. ಅಪ್ಪ ಅಲ್ಲೇ ಒಂದು ಮಾತು ಕೇಳಿದರು. "ಬೆಲ್ಲದ ಮಂಡೀಲಿ ದಲಾಲಿ ಬೆಲ್ಲ ಮಾರಿದ್ಮೇಲೆ ತಾನೆ ಕಮಿಷನ್ ಹಿಡ್ಕೊಳ್ಳೋದು? ಇವ್ರು ಕಬ್ಬು ನೆಡೋಕ್ ಮುಂಚೆನೇ ಕೇಳ್ತಾವ್ರಲ್ಲಪ್ಪ?" ನಾನು ಅಪ್ಪನ ತೊಡೆ ಮುಟ್ಟಿ ಸುಮ್ಮನಿರಿಸಿದೆ. ಇದು ಕಾರ್ಪೊರೇಟ್ ವಿಷಯ, ನಿಮಗೆ ಗೊತ್ತಾಗಲ್ಲ ಅಂದೆ. ಆ ಸಾಲಿನ ಕಬ್ಬಿನ ಬಿಲ್ಲಿನ ದುಡ್ಡಲ್ಲಿ ಒಂದು ಲಕ್ಷ ಹೋಯಿತು. ಜೊತೆಗೆ "ಸೆಕ್ಯುರಿಟಿ"ಗೆ ಅಂತ ಅಪ್ಪನ ಸಹಿ ಇರುವ ಎರಡು ಖಾಲಿ ಚೆಕ್ಕು, "ವೆರಿಫಿಕೇಷನ್"ಗೆ ಅಂತ ತಮ್ಮನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಜೆರಾಕ್ಸ್ ಅಲ್ಲ, ಒರಿಜಿನಲ್ಲು.

ನೇಪಾಳದ ಕಥೆ ನೆನೆದರೆ ಈಗ ನಗು ಬರುತ್ತೆ. ರೈಲಿನಲ್ಲಿ ಗೋರಖ್‌ಪುರ, ಅಲ್ಲಿಂದ ಬಸ್ಸಿನಲ್ಲಿ ಸುನೌಲಿ ಗಡಿ, ಆಮೇಲೆ ಪೋಖರಾ. ಒಂದು ಶಾಲೆ ಮೈದಾನ. ನಾಲ್ಕು ತಂಡ. ನಾಲ್ಕೂ ನಮ್ಮ ದೇಶದವೇ, ಎಲ್ಲರೂ ದುಡ್ಡು ಕೊಟ್ಟು ಬಂದ ಹುಡುಗರೇ. ಒಂದು ತಂಡಕ್ಕೆ ನೇಪಾಳದ ಜೆರ್ಸಿ ಹಾಕಿಸಿದ್ದರಂತೆ! ತಮ್ಮನ ತಂಡಕ್ಕೆ ಚಿನ್ನ. ಆ ಮೆಡಲ್ ಹಾಕಿಕೊಂಡೇ ರೈಲಿನಲ್ಲಿ ಮಲಗಿದ್ದಾನೆ. ಮಂಡ್ಯ ಸ್ಟೇಷನ್ನಿನಲ್ಲಿ ಇಳಿದಾಗ ಬಿಳಿ ಬನಿಯನ್ ಮೇಲೆ ದುಂಡಗೆ ಹಸಿರು ಕಲೆ. ಅವ್ವ ಎರಡು ಸಲ ಒಗೆದರೂ ಹೋಗಲಿಲ್ಲ. ಊರಲ್ಲಿ ಮಾತ್ರ ಆಗಲೇ ಫ್ಲೆಕ್ಸ್ ಎದ್ದಿತ್ತು, "ಅಂತರರಾಷ್ಟ್ರೀಯ ಕಬಡ್ಡಿ ಪಟು" ಅಂತ. ಅದೀಗ ನಮ್ಮ ಹುಲ್ಲಿನ ಮೆದೆ ಮೇಲಿದೆ, ಮಳೆಗೆ ಒಳ್ಳೆ ತಡೆ.

ಆ ಸರ್ಟಿಫಿಕೇಟಿನ ಬೆಲೆ ಗೊತ್ತಾಗಿದ್ದು ಕ್ರೀಡಾ ಕೋಟಾದ ಒಂದು ನೇಮಕಾತಿಗೆ ಅರ್ಜಿ ಹಾಕಲು ಹೋದಾಗ. ಕೌಂಟರಿನಲ್ಲಿದ್ದವರು ಅದನ್ನ ತಿರುಗಿಸಿ ನೋಡಿ, "ಇದು ಯಾವ ಫೆಡರೇಷನ್ನು?" ಅಂತ ಕೇಳಿ ಪಕ್ಕಕ್ಕೆ ಇಟ್ಟರು. ಕೇಂದ್ರ ಸರ್ಕಾರದ ಕ್ರೀಡಾ ಕೋಟಾಕ್ಕೆ ಫಾರಂ 1, 2, 3, 4 ಅಂತ ಬೇರೆ ಬೇರೆ ನಮೂನೆ ಇವೆ. ದೇಶಕ್ಕೆ ಆಡಿದ್ದರೆ ಆ ಆಟದ ರಾಷ್ಟ್ರೀಯ ಫೆಡರೇಷನ್ ಸಹಿ ಬೇಕು. ರಾಜ್ಯಕ್ಕೆ ಆಡಿದ್ದರೆ ರಾಜ್ಯ ಸಂಸ್ಥೆಯದು. ಅಂತರ ವಿಶ್ವವಿದ್ಯಾಲಯಕ್ಕೆ ಆಡಿದ್ದರೆ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದ್ದು. ಶಾಲಾ ರಾಷ್ಟ್ರೀಯ ಕೂಟಕ್ಕೆ ಶಿಕ್ಷಣ ಇಲಾಖೆಯದು. ಹೆಸರಲ್ಲಿ ಇಂಡಿಯಾ, ಇಂಟರ್‌ನ್ಯಾಷನಲ್ ಅಂತ ಇದ್ದರೆ ಏನೂ ಆಗಲ್ಲ, ಸಹಿ ಯಾರದ್ದು ಅನ್ನೋದೇ ಮುಖ್ಯ. ಇನ್ನೊಂದು ಸಂಕಟ ಗೊತ್ತಾ? ಮೂಲ ಅಂಕಪಟ್ಟಿ ತನ್ನಿ ಅಂದರು. ಏಜೆಂಟಿಗೆ ಫೋನ್ ಮಾಡಿದರೆ "ಹೆಡ್ ಆಫೀಸಿನಲ್ಲಿದೆ, ಕೊರಿಯರ್ ಮಾಡಿಸ್ತೀನಿ" ಅಂತ ಎರಡು ವಾರ ಹೇಳಿದರು. ಕೊನೆ ದಿನ ದಾಟಿ ಹೋಯಿತು. ಆಮೇಲೆ ಅಫಿಡವಿಟ್ ಮಾಡಿಸಿ, ಶಾಲೆ ಮೂಲಕ ಅರ್ಜಿ ಕೊಟ್ಟು ಅಂಕಪಟ್ಟಿಯ ಎರಡನೇ ಪ್ರತಿ ತಗೊಂಡೆವು. ಒಂದು ಲಕ್ಷ ಹೋಗಿದ್ದಕ್ಕಿಂತ ಈ ಕೊನೆ ದಿನ ತಪ್ಪಿದ್ದು ನನಗೆ ಜಾಸ್ತಿ ನೋವು. ಯಾಕಂದರೆ ಕಬಡ್ಡಿ ಆಡುವ ಹುಡುಗರಲ್ಲಿ ಹೆಚ್ಚಿನವರ ಬದುಕು ನಿಲ್ಲೋದು ಹರಾಜಿನಿಂದ ಅಲ್ಲ. ರೈಲ್ವೆ, ಪೊಲೀಸ್, ಬ್ಯಾಂಕು, ಸೇನೆ ಕೊಡುವ ಕೆಲಸದಿಂದ.

ಆ ರಾತ್ರಿ ಕೂತು 11 ಪುಟವನ್ನೂ ಓದಿದೆ. ಐದು ವರ್ಷದ ಒಪ್ಪಂದ. ಎರಡೂ ಕಡೆ ಸುಮ್ಮನಿದ್ದರೆ ತಾನೇ ಮತ್ತೆ ಐದು ವರ್ಷ. ಬಿಡಬೇಕಂದರೆ ಮೂರು ಲಕ್ಷ ಪರಿಹಾರ. ಗಲಾಟೆ ಆದರೆ ಬೇರೆ ರಾಜ್ಯದ ಕೋರ್ಟು. ಏಳನೇ ಪುಟದಲ್ಲಿ ಕಮಿಷನ್ನು: ಆಟದಿಂದ "ನೇರವಾಗಿ ಅಥವಾ ಪರೋಕ್ಷವಾಗಿ" ಬರುವ ಎಲ್ಲ ಆದಾಯದಲ್ಲಿ ಶೇ 25. ಅದರ ಕೆಳಗೆ ಸಣ್ಣದಾಗಿ, ಕ್ರೀಡಾ ಅರ್ಹತೆ ಮೇಲೆ ಸಿಗುವ ಉದ್ಯೋಗವೂ ಸೇರಿ ಅಂತ. ಅಂದರೆ ಇವನು ನಾಳೆ ರೈಲ್ವೆ ಸೇರಿದರೆ ಸಂಬಳದಲ್ಲಿ ಕಾಲು ಭಾಗ ಅವರದ್ದು. ದಿನಾ ಬೇರೆಯವರ ಲೆಕ್ಕ ನೋಡುವ ನಾನು ಮನೆಯ ಲೆಕ್ಕ ನೋಡಿರಲಿಲ್ಲ. ಅಮೆರಿಕದಲ್ಲಿ ಅವರದ್ದೇ ಬೇರೆ ಥರದ ಫುಟ್ಬಾಲಿನ ಲೀಗ್ ಎನ್‌ಎಫ್‌ಎಲ್‌ನಲ್ಲಿ ಆಟದ ಒಪ್ಪಂದದ ಮೇಲೆ ಏಜೆಂಟ್ ಹೆಚ್ಚೆಂದರೆ ಶೇ 3 ತಗೋಬಹುದು, ಬ್ಯಾಸ್ಕೆಟ್‌ಬಾಲ್‌ನ ಎನ್‌ಬಿಎಯಲ್ಲಿ ಶೇ 4. ಆಟಗಾರರ ಸಂಘಗಳೇ ಮಿತಿ ಹಾಕಿವೆ. ಜಾಹೀರಾತು ತಂದುಕೊಟ್ಟರೆ ಏಜೆಂಟಿನ ಪಾಲು ಜಾಸ್ತಿ ಇರುತ್ತೆ, ಅದು ನ್ಯಾಯವೇ, ಆ ಗಿರಾಕಿಯನ್ನ ಹುಡುಕಿ ತಂದವರು ಅವರೇ ಅಲ್ವಾ. ಎರಡಕ್ಕೂ ಒಂದೇ ದರ ಬರೆದಿದ್ದರೆ ಅಲ್ಲೇ ಪೆನ್ನು ಕೆಳಗಿಡಿ.

ಮಂಡ್ಯದ ಒಬ್ಬ ವಕೀಲರ ಹತ್ತಿರ ಹೋದೆವು. ಅವರು ಮೊದಲು ನೋಡಿದ್ದು ಸಹಿಯ ತಾರೀಕು, ಆಮೇಲೆ ತಮ್ಮನ ಹುಟ್ಟಿದ ತಾರೀಕು. 1872ರ ಕರಾರು ಕಾಯ್ದೆಯ ಸೆಕ್ಷನ್ 11ರ ಪ್ರಕಾರ 18 ತುಂಬದವರು ಮಾಡಿದ ಒಪ್ಪಂದ ಒಪ್ಪಂದವೇ ಅಲ್ಲ. 1903ರಲ್ಲೇ ಪ್ರಿವಿ ಕೌನ್ಸಿಲ್, ಅಂದರೆ ಬ್ರಿಟಿಷರ ಕಾಲದ ಅತಿ ದೊಡ್ಡ ಕೋರ್ಟು, ಇದನ್ನ ಹೇಳಿಯಾಗಿದೆ. 18 ಆದ ಮೇಲೆ "ಹಳೆಯದಕ್ಕೆ ಒಪ್ಪಿಗೆ" ಅಂದರೂ ಅದು ಜೀವ ಪಡೆಯಲ್ಲ, ಹೊಸದಾಗಿಯೇ ಮಾಡಬೇಕು. ಆಗ ತಮ್ಮ ಮೊಬೈಲ್ ತೆಗೆದು ತೋರಿಸಿದ. ಅವನ 18ನೇ ಹುಟ್ಟುಹಬ್ಬ ಕಳೆದು ನಾಲ್ಕನೇ ದಿನಕ್ಕೆ ಏಜೆಂಟಿನಿಂದ ವಾಟ್ಸಾಪ್ ಬಂದಿತ್ತು: "ರಿನ್ಯೂವಲ್ ಇದೆ ಚಾಂಪ್, ಈ ಲಿಂಕಿನಲ್ಲಿ ಇ-ಸೈನ್ ಮಾಡು." ಅವನು ನಿದ್ದೆಗಣ್ಣಿನಲ್ಲಿ ಸೈನ್ ಮಾಡೋದನ್ನೇ ಮರೆತಿದ್ದ. ವಕೀಲರು ನಕ್ಕರು. "ಅವರಿಗೆ ಕಾನೂನು ನಿಮಗಿಂತ ಚೆನ್ನಾಗಿ ಗೊತ್ತು" ಅಂದರು.

ತಲೆನೋವು ಆಗಿದ್ದು ಅಪ್ಪನ ಚೆಕ್ಕು. ಅಪ್ಪ ಮೈನರ್ ಅಲ್ಲವಲ್ಲ. ಬ್ಯಾಂಕಿಗೆ ಹೇಳಿ ಸ್ಟಾಪ್ ಪೇಮೆಂಟ್ ಹಾಕಿಸಿದರೆ ಸಾಕು ಅಂದುಕೊಂಡಿದ್ದೆ. ಅಷ್ಟು ಮಾಡಿದರೂ ಚೆಕ್ ಬೌನ್ಸಿನ ಸೆಕ್ಷನ್ 138ರ ಕೇಸು ಹಾಕಬಹುದಂತೆ. ಹಾಗಾಗಿ ಯಾವ ಸಾಲವೂ ಇಲ್ಲ, ಚೆಕ್ಕು ವಾಪಸ್ ಕೊಡಿ ಅಂತ ವಕೀಲರ ನೋಟಿಸ್ ಕಳಿಸಿದೆವು. ಆಮೇಲೆ ಏಜೆಂಟ್ ಫೋನ್ ಎತ್ತಿಲ್ಲ. ಚೆಕ್ಕೂ ಬಂದಿಲ್ಲ, ದುಡ್ಡೂ ಬಂದಿಲ್ಲ.

ನೀವು ಕೇಳಬಹುದು, ಹಾಗಾದರೆ ಒಳ್ಳೆ ಏಜೆಂಟೇ ಇಲ್ಲವಾ ಅಂತ. ಇದ್ದಾರೆ. ಆದರೆ ನಮ್ಮ ದೇಶದಲ್ಲಿ ಎಲ್ಲ ಆಟಕ್ಕೂ ಅನ್ವಯಿಸುವ ಸರ್ಕಾರಿ ಲೈಸೆನ್ಸ್ ಅಂತ ಏಜೆಂಟಿಗೆ ಇಲ್ಲ, ಕಾರ್ಡ್ ಪ್ರಿಂಟ್ ಮಾಡಿಸಿದವರೆಲ್ಲ ಏಜೆಂಟೇ. ಫುಟ್ಬಾಲ್ ಆಡುವ ಹುಡುಗರು ಸ್ವಲ್ಪ ಪುಣ್ಯವಂತರು. 2023ರಿಂದ ವಿಶ್ವ ಫುಟ್ಬಾಲ್ ಸಂಸ್ಥೆ ಫಿಫಾದ ಪರೀಕ್ಷೆ ಪಾಸಾಗಿ ಲೈಸೆನ್ಸ್ ತಗೊಂಡವರೇ ಏಜೆಂಟ್ ಆಗಬೇಕು. ಅವರ ಹೆಸರು ಫಿಫಾ ಪಟ್ಟಿಯಲ್ಲಿ ಹುಡುಕಿ ನೋಡಬಹುದು. ಆಟಗಾರನ ಜೊತೆ ಒಪ್ಪಂದ ಎರಡು ವರ್ಷ ಮೀರುವಂತಿಲ್ಲ. ಮೈನರ್ ಹುಡುಗನ ಹತ್ತಿರ ಮಾತಾಡಲು ಮನೆಯವರ ಲಿಖಿತ ಒಪ್ಪಿಗೆ ಮೊದಲೇ ಬೇಕು. ಬೇರೆ ಆಟದವರೂ ಇದನ್ನ ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಒಪ್ಪಂದ ಮುಗಿದ ಮೇಲೂ ನಮ್ಮನ್ನ ಕೇಳದೆ ಬೇರೆಯವರ ಹತ್ತಿರ ಹೋಗಬೇಡ ಅನ್ನುವ ಷರತ್ತು ಇದ್ದರೆ ಹೆದರಬೇಡಿ. ಕ್ರಿಕೆಟಿಗ ಜಹೀರ್ ಖಾನ್ ಅವರ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಅಂಥ ಷರತ್ತನ್ನ ಎತ್ತಿ ಹಿಡಿಯಲಿಲ್ಲ.

ಇನ್ನೊಂದು ವಿಷಯ ನಮಗೆ ತಡವಾಗಿ ತಲೆಗೆ ಹೋಯಿತು. ಪ್ರೊ ಕಬಡ್ಡಿ ಹರಾಜಿನಲ್ಲಿ ಮೂಲಬೆಲೆ ಮೊದಲೇ ನಿಗದಿ, 2023ರಲ್ಲಿ ಎಲ್ಲಕ್ಕಿಂತ ಕೆಳಗಿನ ಡಿ ವರ್ಗಕ್ಕೆ 9 ಲಕ್ಷ ಇತ್ತು. ಮೇಲಕ್ಕೆ ಏರಿಸೋದು ಫ್ರಾಂಚೈಸಿಗಳ ಪೈಪೋಟಿ. ಅಲ್ಲಿ ಏಜೆಂಟ್ ಚೌಕಾಸಿ ಮಾಡಲು ಏನಿದೆ? ಏಜೆಂಟಿನ ನಿಜವಾದ ಕೆಲಸ ಶುರುವಾಗೋದೇ ಹುಡುಗನ ಕೈಗೆ ಒಂದು ಒಪ್ಪಂದ ಬಂದ ಮೇಲೆ. ಗಾಯ ಆದರೆ ಖರ್ಚು ಯಾರದು, ಸಂಬಳ ಯಾವಾಗ, ಜಾಹೀರಾತಿಗೆ ಮುಖ ಬಳಸಿದರೆ ಎಷ್ಟು, ಇಂಥದ್ದು ಮಾತಾಡಲು. 17 ವರ್ಷದ ತಮ್ಮನಿಗೆ ಆಗ ಬೇಕಿದ್ದದ್ದು ಒಬ್ಬ ಕೋಚು, ಒಳ್ಳೆ ಮ್ಯಾಟು, ದಿನಾ ನಾಲ್ಕು ಮೊಟ್ಟೆ.

ಈಗ ಅವನು ಮೈಸೂರಿನಲ್ಲಿ ಡಿಗ್ರಿ ಓದುತ್ತಾ ಕಾಲೇಜಿಗೆ ಆಡುತ್ತಾನೆ. ವಿಶ್ವವಿದ್ಯಾಲಯ ತಂಡ ಸೇರಿ ಆಡಿದರೆ ಕ್ರೀಡಾ ಕೋಟಾದ ಫಾರಂ 3 ಸಿಗುತ್ತೆ ಅಂತ ಅವನೇ ನನಗೆ ಲೆಕ್ಕ ಹೇಳುತ್ತಾನೆ. ಟಗರು ಮಾರಿಬಿಟ್ಟೆವು.

ಮೊನ್ನೆ ಭಾನುವಾರ ಊರಲ್ಲಿದ್ದೆ. ಅಪ್ಪನಿಗೆ ಫೋನ್ ಬಂತು. ಬೇರೆ ಯಾರೋ, ಬೇರೆ ಕಂಪನಿ. ನಿಮ್ಮ ಮಗನ ವಿಡಿಯೋ ನೋಡಿದೆವು, ದೊಡ್ಡ ಭವಿಷ್ಯ ಇದೆ, ನೋಂದಣಿಗೆ 15,000 ಮಾತ್ರ. ಅಪ್ಪ ಎಲ್ಲ ಕೇಳಿಸಿಕೊಂಡು, ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. "ತಡೀರಿ ಸ್ವಾಮಿ, ನಮ್ ದೊಡ್ಡವ್ನು ಅಕೌಂಟೆಂಟು. ಇಂಥದ್ದೆಲ್ಲ ಅವ್ನೇ ಓದಿ ಹೇಳೋದು" ಅಂತ ಫೋನ್ ನನ್ನ ಕೈಗೆ ಕೊಟ್ಟು ಗದ್ದೆ ಕಡೆ ಹೊರಟರು.