ಅಂಕ ಕೊಡದ ಪತ್ರಿಕೆ: ದ ಕ್ವಾಯಟಸ್ ಬಗ್ಗೆ ಹಳೇ ಓದುಗನ ಮಾತು

ದ ಕ್ವಾಯಟಸ್ ಓದಲು ಶುರು ಮಾಡಿ ವರ್ಷಗಳೇ ಆದವು. ಮೊದಲು ಪುಕ್ಕಟೆಯಾಗಿ ಓದುತ್ತಿದ್ದೆ, ಈಗ ಚಂದಾದಾರ. ಜಾನ್ ಡೋರನ್ ಮತ್ತು ಲ್ಯೂಕ್ ಟರ್ನರ್ 2008ರಲ್ಲಿ ಬ್ರಿಟನ್ನಿನಲ್ಲಿ ಶುರು ಮಾಡಿದ ಆನ್‌ಲೈನ್ ಪತ್ರಿಕೆ ಇದು. ಸಂಗೀತವೇ ಮುಖ್ಯ. ಜೊತೆಗೆ ಸಿನಿಮಾ, ಪುಸ್ತಕ, ಕಲೆಯೂ ಇದೆ.

ಇಲ್ಲಿನ ವಿಮರ್ಶೆಗಳಿಗೆ ಅಂಕ ಇಲ್ಲ. ನನಗೆ ಇದು ತುಂಬ ಇಷ್ಟ. ಅಂಕ ಕಂಡರೆ ಕಣ್ಣು ಮೊದಲು ಅಲ್ಲಿಗೇ ಓಡುತ್ತದೆ, ಬರೆದವರ ಶ್ರಮ ಹಾಗೇ ಉಳಿದುಬಿಡುತ್ತದೆ, ಅಲ್ವಾ? ಇಲ್ಲಿ ಆಲ್ಬಂ ಹೇಗಿದೆ ಅಂತ ತಿಳಿಯಬೇಕಾದರೆ ಪೂರ್ತಿ ಓದಲೇಬೇಕು.

ನಾನು ತಪ್ಪದೆ ಓದುವುದು 'ಬೇಕರ್ಸ್ ಡಜನ್' ಮಾಲಿಕೆ. ಒಬ್ಬ ಕಲಾವಿದರು ತಮಗೆ ಪ್ರಿಯವಾದ 13 ಆಲ್ಬಂ ಆರಿಸಿ, ಒಂದೊಂದರ ಬಗ್ಗೆಯೂ ಮಾತಾಡುತ್ತಾರೆ. ಹೊಸ ಆಲ್ಬಂ ಪ್ರಚಾರಕ್ಕೆ ಕೊಡುವ ಸಂದರ್ಶನದಲ್ಲಿ ಸಿಗದ ಮಾತು ಇಲ್ಲಿ ಸಿಗುತ್ತದೆ. ಬೇರೆಯವರ ಸಂಗೀತದ ಬಗ್ಗೆ ಹೇಳುವಾಗ ಜನ ಮನಸ್ಸು ಬಿಚ್ಚುತ್ತಾರೆ. ಅಬ್ಬರದ ಮೆಟಲ್ ಸಂಗೀತ ಹಾಡುವವರ ಪಟ್ಟಿಯಲ್ಲಿ ಜಾಝ್ ಕಂಡರೆ, ಅವರ ಹಾಡುಗಳನ್ನೇ ಮತ್ತೆ ಬೇರೆ ಕಿವಿಯಿಂದ ಕೇಳುತ್ತೇನೆ. ನನ್ನ ಆಲ್ಬಂ ಸಂಗ್ರಹ ಬೆಳೆದದ್ದು ಜಾಸ್ತಿ ಈ ಪಟ್ಟಿಗಳಿಂದಲೇ.

ಜಾಹೀರಾತನ್ನೇ ನಂಬಿ ಇಂಥ ಪತ್ರಿಕೆ ನಡೆಸುವುದು ಕಷ್ಟ. ಕೊರೊನಾ ಬಂದ 2020ರಲ್ಲಿ ಅದು ಇನ್ನೂ ಕಷ್ಟವಾಯಿತು. ಆಗ ಇವರು ಓದುಗರ ಚಂದಾ ಶುರು ಮಾಡಿದರು. ಹಾಗಂತ ಓದಲು ದುಡ್ಡು ಕೊಡಲೇಬೇಕು ಅಂತ ಮಾಡಲಿಲ್ಲ. ಹೆಚ್ಚಿನ ಬರಹ ಈಗಲೂ ಎಲ್ಲರಿಗೂ ಸಿಗುತ್ತದೆ. ಚಂದಾದಾರರಿಗೆ ದೀರ್ಘ ಪ್ರಬಂಧ, ಪಾಡ್‌ಕಾಸ್ಟ್ ಇವೆ. ಜಾಸ್ತಿ ಕೊಟ್ಟವರಿಗೆ ಪತ್ರಿಕೆಯೇ ಕಲಾವಿದರಿಂದ ಮಾಡಿಸಿದ ಹೊಸ ಸಂಗೀತವೂ ಇದೆ. ನಾನು ಕೊಟ್ಟ ಹಣದಲ್ಲಿ ಒಂದು ಪಾಲು ಹೊಸ ಸಂಗೀತ ಹುಟ್ಟಲು ಹೋಗುತ್ತದೆ ಅನ್ನುವುದೇ ಖುಷಿ.

ಅಮೆರಿಕದ ಆನ್‌ಲೈನ್ ಸಂಗೀತ ಪತ್ರಿಕೆ ಪಿಚ್‌ಫೋರ್ಕ್ ಕೂಡ 1996ರಲ್ಲಿ ಹೀಗೇ ಸ್ವತಂತ್ರವಾಗಿ ಹುಟ್ಟಿದ್ದು. 2015ರಲ್ಲಿ ಕಾಂಡೆ ನಾಸ್ಟ್ ಅನ್ನುವ ದೊಡ್ಡ ಪತ್ರಿಕಾ ಸಂಸ್ಥೆ ಅದನ್ನು ಕೊಂಡಿತು. 2024ರ ಜನವರಿಯಲ್ಲಿ ಅದನ್ನು ತನ್ನದೇ ಆದ ಜಿಕ್ಯೂ ಅನ್ನುವ ಪುರುಷರ ಪತ್ರಿಕೆಯ ಕೆಳಗೆ ತರುವುದಾಗಿ ಹೇಳಿ, ಹಲವರನ್ನು ಕೆಲಸದಿಂದ ತೆಗೆಯಿತು. ಆ ಸುದ್ದಿ ಓದಿದ ಮೇಲೆ ಕ್ವಾಯಟಸ್ ಚಂದಾ ನಿಲ್ಲಿಸುವ ಯೋಚನೆ ನನಗೆ ಬಂದಿಲ್ಲ.

ಜನಪ್ರಿಯ ಹಾಡುಗಳ ಸುದ್ದಿ ಮಾತ್ರ ಬೇಕಾದವರಿಗೆ ಇದು ಹಿಡಿಸಲಿಕ್ಕಿಲ್ಲ. ಪ್ರಯೋಗದ ಸಂಗೀತವೇ ಇಲ್ಲಿ ಜಾಸ್ತಿ, ಬರಹಗಳೂ ಉದ್ದ. ಕುತೂಹಲ ಇದ್ದರೆ ನಿಮಗಿಷ್ಟವಾದ ಕಲಾವಿದರ ಬೇಕರ್ಸ್ ಡಜನ್ ಇದೆಯಾ ಅಂತ ಮೊದಲು ಹುಡುಕಿ, ಓದಿ. ಚಂದಾದ ಮಾತು ಆಮೇಲೆ.