ಒಂದು ಹಗಲಿಗೆ ಯಾವ ಹಳೆಯ ಊರು: ಜಿನೋವಾವೋ, ನೇಪಲ್ಸೋ?

ನಾವು ಮಿಲಾನಿನಲ್ಲಿದ್ದ ಎರಡು ವರ್ಷಗಳಲ್ಲಿ ಊರಿನಿಂದ ಬಂದ ನೆಂಟರೂ ಸ್ನೇಹಿತರೂ ತಪ್ಪದೆ ಕೇಳುತ್ತಿದ್ದ ಪ್ರಶ್ನೆಯೊಂದಿತ್ತು. ರೋಮ್, ಫ್ಲಾರೆನ್ಸ್, ವೆನಿಸ್ ಮುಗಿದ ಮೇಲೆ ಕೈಯಲ್ಲಿ ಒಂದೇ ಒಂದು ದಿನ ಉಳಿದರೆ, ಕಡಲ ದಡದ ಹಳೆಯ ಊರೊಂದನ್ನು ನಡೆದು ನೋಡಲು ಜಿನೋವಾಕ್ಕೆ ಹೋಗಬೇಕೋ, ನೇಪಲ್ಸಿಗೆ ಹೋಗಬೇಕೋ? ಕೇಳಿದವರಿಗೆಲ್ಲ ಬಾಯಿಗೆ ಬಂದ ಉತ್ತರ ಕೊಡುತ್ತಿದ್ದ ನನ್ನನ್ನು ಪತ್ನಿ ಒಮ್ಮೆ ತಡೆದು, ಎರಡನ್ನೂ ಒಂದೇ ನಿಯಮದಲ್ಲಿ ನೋಡಿ ಬಂದು ಆಮೇಲೆ ಹೇಳುವುದು ಒಳ್ಳೆಯದು ಎಂದಳು. ನಿಯಮವನ್ನೂ ಅವಳೇ ಮಾಡಿದಳು. ಬೆಳಿಗ್ಗೆ ಒಂಬತ್ತಕ್ಕೆ ರೈಲು ನಿಲ್ದಾಣದಿಂದ ಹೊರಬೀಳಬೇಕು, ಸಂಜೆ ಏಳರ ಸುಮಾರಿಗೆ ಅಲ್ಲಿಗೇ ಹಿಂತಿರುಗಬೇಕು, ಟ್ಯಾಕ್ಸಿ ಹತ್ತಬಾರದು, ಹಳೆಯ ಊರಿನ ಎಲ್ಲೆ ದಾಟಬಾರದು, ಸಸ್ಯಾಹಾರದಲ್ಲೇ ಹೊಟ್ಟೆ ತುಂಬಬೇಕು. ಕೊನೆಗೆ ಎರಡೂ ಊರಿಗೆ ಎರಡೆರಡು ಬಾರಿ ಹೋಗಬೇಕಾಯಿತು. ಏಕೆಂದರೆ ಮೊದಲ ಬಾರಿ ಎರಡು ಕಡೆಯೂ ನಾವೇ ತಪ್ಪು ಮಾಡಿದೆವು.

ಮೊದಲು ನೆಲದ ವಿಷಯ ಹೇಳಬೇಕು, ಉಳಿದ ವ್ಯತ್ಯಾಸಗಳೆಲ್ಲ ಅದರಿಂದಲೇ ಹುಟ್ಟುತ್ತವೆ. ನೇಪಲ್ಸಿನ ಹಳೆಯ ಊರು ಗ್ರೀಕರು ಎಳೆದ ಗೆರೆಗಳ ಮೇಲೆ ಇಂದಿಗೂ ನಿಂತಿದೆ. ‘ನೆಯಾಪೊಲಿಸ್’ ಎಂದರೆ ಹೊಸ ಊರು ಎಂದರ್ಥ. ಆ ಹೊಸತನಕ್ಕೆ ಎರಡು ಸಾವಿರದ ನಾನೂರು ವರ್ಷ ದಾಟಿದೆ. ಪೂರ್ವದಿಂದ ಪಶ್ಚಿಮಕ್ಕೆ ಮೂರು ಉದ್ದನೆಯ ಬೀದಿಗಳು, ಅವನ್ನು ಏಣಿಯ ಮೆಟ್ಟಿಲುಗಳಂತೆ ಅಡ್ಡಹಾಯುವ ಕಿರಿದಾದ ಓಣಿಗಳು. ಈ ಮೂರರಲ್ಲಿ ಕೆಳಗಿನದನ್ನು ಜನ ‘ಸ್ಪಕ್ಕಾನಾಪೊಲಿ’, ಅಂದರೆ ನೇಪಲ್ಸನ್ನು ಸೀಳುವ ಬೀದಿ ಎನ್ನುತ್ತಾರೆ. ಅದರ ಒಂದು ತುದಿಯಲ್ಲಿ ನಿಂತು ನೇರ ನಡೆದರೆ ಚರ್ಚು, ಮಠ, ಪುಸ್ತಕದಂಗಡಿ, ಮಿಠಾಯಿಯಂಗಡಿ, ಮದುವೆಯ ಮೆರವಣಿಗೆ ಎಲ್ಲವೂ ತಾವಾಗಿಯೇ ಎದುರಾಗುತ್ತವೆ. ನಕ್ಷೆ ತೆಗೆಯುವ ಪ್ರಮೇಯವೇ ಬರುವುದಿಲ್ಲ.

ಜಿನೋವಾದಲ್ಲಿ ಇಂಥ ಗೆರೆಯೇ ಇಲ್ಲ. ಬೆಟ್ಟಕ್ಕೂ ಬಂದರಿಗೂ ನಡುವೆ ಸಿಕ್ಕ ಇಳಿಜಾರಿನಲ್ಲಿ ಜಾಗ ಸಾಲದೆ ಆರು-ಏಳು ಅಂತಸ್ತು ಮೇಲಕ್ಕೆ ಬೆಳೆದ ಮನೆಗಳು, ಅವುಗಳ ಕಾಲಬುಡದಲ್ಲಿ ಸ್ಥಳೀಯರು ‘ಕರುಜ್ಜಿ’ ಎಂದು ಕರೆಯುವ ಸಂದಿಗಳು. ಕೆಲವು ಸಂದಿಗಳಲ್ಲಿ ಎರಡೂ ಕೈ ಚಾಚಿದರೆ ಎರಡೂ ಬದಿಯ ಗೋಡೆ ಮುಟ್ಟುತ್ತವೆ. ನಡುಮಧ್ಯಾಹ್ನದಲ್ಲೂ ಬಿಸಿಲು ನಾಲ್ಕನೆಯ ಅಂತಸ್ತಿನಿಂದ ಕೆಳಗಿಳಿಯುವುದಿಲ್ಲ. ಫೋನಿನ ನಕ್ಷೆಯಲ್ಲಿ ನಮ್ಮನ್ನು ತೋರಿಸುವ ನೀಲಿ ಚುಕ್ಕೆ ಅಲ್ಲಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹಾರುತ್ತಲೇ ಇತ್ತು.

ಮೊದಲ ಭೇಟಿಯಲ್ಲಿ ಜಿನೋವಾ ನಮಗೆ ದಕ್ಕದೇ ಹೋದುದಕ್ಕೆ ಸಂದಿಗಳಷ್ಟೇ ಅಲ್ಲ, ಮನೆಯ ಸಂಖ್ಯೆಗಳೂ ಕಾರಣ. ಯಾರೋ ಹೇಳಿದ್ದ ತಿಂಡಿಯಂಗಡಿಯೊಂದರ ವಿಳಾಸ ಹಿಡಿದು ಹೊರಟ ನಾವು, ಸರಿಯಾದ ಓಣಿ, ಸರಿಯಾದ ಸಂಖ್ಯೆ ಎಂದು ಖಚಿತಪಡಿಸಿಕೊಂಡು ಕರೆಗಂಟೆ ಒತ್ತಿದಾಗ ಬಾಗಿಲು ತೆರೆದದ್ದು ಮನೆಯುಡುಪಿನಲ್ಲಿದ್ದ ಒಬ್ಬ ವೃದ್ಧರು. ಅವರು ಬೇಸರಿಸಿಕೊಳ್ಳದೆ ಗೋಡೆಯ ಮೇಲಿನ ಪುಟ್ಟ ಫಲಕವನ್ನು ತೋರಿಸಿದರು. ಅದರ ಅಂಕಿ ಕಪ್ಪು. ಇಪ್ಪತ್ತು ಹೆಜ್ಜೆ ಆಚೆಗೆ ಅದೇ ಸಂಖ್ಯೆಯ ಇನ್ನೊಂದು ಫಲಕವಿತ್ತು. ಅದರ ಅಂಕಿ ಕೆಂಪು. ಜಿನೋವಾದಲ್ಲಿ ವಾಸದ ಮನೆಗಳಿಗೆ ಕಪ್ಪು ಸಂಖ್ಯೆ, ಅಂಗಡಿಗಳಿಗೆ ಕೆಂಪು ಸಂಖ್ಯೆ. ಎರಡೂ ಬೇರೆ ಬೇರೆ ಸರಣಿಗಳು, ಒಂದಕ್ಕೊಂದು ಸಂಬಂಧವಿಲ್ಲ. ಕಾಗದದ ಮೇಲಿನ ವಿಳಾಸದಲ್ಲಿ ಸಂಖ್ಯೆಯ ಮುಂದೆ ‘ಆರ್’ ಅಕ್ಷರವಿದ್ದರೆ ಅದು ಕೆಂಪು ಎಂದು ತಿಳಿಯಬೇಕು. ನಮ್ಮ ಚೀಟಿಯಲ್ಲೂ ಆ ಅಕ್ಷರವಿತ್ತು, ನಾನು ಅದನ್ನು ಬರೆದವರ ಕೈತಪ್ಪು ಎಂದುಕೊಂಡಿದ್ದೆ.

ಆ ದಿನ ಸಂಜೆ ಐದರವರೆಗೂ ಹೀಗೇ ಸುತ್ತಿ, ಬಹಳ ನಡೆದಿದ್ದೇವೆ ಆದರೆ ಏನು ನೋಡಿದೆವೋ ತಿಳಿಯದು ಎಂಬ ಸ್ಥಿತಿಯಲ್ಲಿದ್ದಾಗ, ಪೊರ್ತೆಲ್ಲೋ ಚೌಕದ ಪಕ್ಕದ ಸುರಂಗದೊಳಗೆ ಜನ ಹೋಗುವುದನ್ನು ಕಂಡು ನಾವೂ ಹೋದೆವು. ಸುರಂಗದ ಕೊನೆಯಲ್ಲಿ ಲಿಫ್ಟ್ ಇತ್ತು. 1909ರಲ್ಲಿ ಆರಂಭವಾದ ಈ ಕಸ್ತೆಲ್ಲೆತ್ತೋ ಲಿಫ್ಟ್ ಪ್ರವಾಸಿಗರಿಗಾಗಿ ಮಾಡಿದ್ದಲ್ಲ. ತರಕಾರಿ ಚೀಲ ಹಿಡಿದ ಹೆಂಗಸರೂ ಶಾಲೆಯ ಮಕ್ಕಳೂ ಗುಡ್ಡದ ಮೇಲಿನ ಮನೆಗೆ ಹೋಗಲು ಬಸ್ಸಿನಂತೆ ಬಳಸುವ ಸಾರ್ವಜನಿಕ ವಾಹನ. ಮೇಲೆ ಬಂದು ಕಟಾಂಜನದ ಬಳಿ ನಿಂತಾಗ ಕಂಡದ್ದು, ಇಡೀ ದಿನ ನಮ್ಮನ್ನು ಆಟವಾಡಿಸಿದ ಊರು: ಬೂದು ಬಣ್ಣದ ಸ್ಲೇಟ್ ಕಲ್ಲಿನ ಮಾಡುಗಳು ಒಂದರ ಮೇಲೊಂದು ಒರಗಿಕೊಂಡು ಬಂದರಿನತ್ತ ಇಳಿಯುತ್ತಿವೆ, ನಡುವೆ ಸಾನ್ ಲೊರೆಂತ್ಸೋ ಕೆಥೆಡ್ರಲ್‌ನ ಗೋಪುರ, ಬಲತುದಿಯಲ್ಲಿ 1543ರಿಂದ ನಿಂತಿರುವ 77 ಮೀಟರಿನ ದೀಪಸ್ತಂಭ. ಎರಡನೆಯ ಬಾರಿ ಬೆಳಿಗ್ಗೆ ಒಂಬತ್ತೂವರೆಗೇ ಮೊದಲು ಇಲ್ಲಿಗೆ ಹತ್ತಿ, ಆಮೇಲೆ ಕೆಳಗಿಳಿದೆವು. ಸಂದಿಗಳು ಬದಲಾಗಿರಲಿಲ್ಲ, ಆದರೆ ಸಮುದ್ರ ಯಾವ ಕಡೆ, ಬೆಟ್ಟ ಯಾವ ಕಡೆ ಎಂಬುದು ಕಾಲಿಗೇ ಗೊತ್ತಾಗುತ್ತಿತ್ತು. ಈ ಹೋಲಿಕೆಯಲ್ಲಿ ಜಿನೋವಾದ ಲೆಕ್ಕಕ್ಕೆ ನಾನು ಹಿಡಿದಿರುವುದು ಆ ಎರಡನೆಯ ದಿನವನ್ನು.

ನೇಪಲ್ಸಿನ ಎತ್ತರವೂ ಚೆಂದವೇ, ವೊಮೆರೋ ಗುಡ್ಡದಿಂದ ಸ್ಪಕ್ಕಾನಾಪೊಲಿಯ ಸೀಳು ಸ್ಪಷ್ಟವಾಗಿ ಕಾಣುತ್ತದೆ, ಆದರೆ ಅದು ನಮ್ಮ ಎಲ್ಲೆಯ ಹೊರಗಿತ್ತು. ಅಲ್ಲದೆ ನೇಪಲ್ಸಿನ ನಿಜವಾದ ವಿಸ್ಮಯ ಇರುವುದು ಕೆಳಗೆ. ಸಾನ್ ಗಯೆತಾನೋ ಚೌಕದಿಂದ ನೂರಕ್ಕೂ ಹೆಚ್ಚು ಮೆಟ್ಟಿಲಿಳಿದು ಸುಮಾರು 40 ಮೀಟರ್ ಆಳಕ್ಕೆ ಹೋದರೆ, ಊರು ಕಟ್ಟಲು ಗ್ರೀಕರು ಹಳದಿ ಬಣ್ಣದ ಮೆದುಕಲ್ಲನ್ನು ಕತ್ತರಿಸಿ ತೆಗೆದ ಗವಿಗಳಿವೆ. ಮೇಲಿನ ಊರು ಈ ಕೆಳಗಿನ ಖಾಲಿಯಿಂದಲೇ ಎದ್ದು ಬಂದಿದೆ. ಆಮೇಲೆ ಅದೇ ಗವಿಗಳು ನೀರಿನ ತೊಟ್ಟಿಗಳಾಗಿ, ಪ್ರತಿ ಮನೆಯ ಅಂಗಳದ ಬಾವಿಯಿಂದ ಜನ ಅಲ್ಲಿಗೇ ಕೊಡ ಇಳಿಬಿಟ್ಟು ನೀರು ಸೇದುತ್ತಿದ್ದರು. 1884ರ ಕಾಲರಾದ ನಂತರ ಕೊಳವೆಯ ನೀರು ಬಂದು ತೊಟ್ಟಿಗಳ ಬಳಕೆ ನಿಂತಿತು. ಎರಡನೆಯ ಮಹಾಯುದ್ಧದಲ್ಲಿ ಬಾಂಬುಗಳಿಂದ ತಪ್ಪಿಸಿಕೊಳ್ಳಲು ಜನ ಮತ್ತೆ ಅದೇ ಗವಿಗಳಿಗೆ ಇಳಿದರು. ಒಂದು ಕಡೆ ದಾರಿ ಎಷ್ಟು ಕಿರಿದೆಂದರೆ ಭುಜ ಓರೆಮಾಡಿ ಏಡಿಯಂತೆ ಅಡ್ಡಡ್ಡ ನಡೆಯಬೇಕು. ಮುಚ್ಚಿದ ಜಾಗದಲ್ಲಿ ಉಸಿರು ಕಟ್ಟುವ ಸ್ವಭಾವದವರು ಅಲ್ಲಿಗೆ ಹೋಗದಿರುವುದೇ ಕ್ಷೇಮ. ಮಾರ್ಗದರ್ಶಿಯ ಜೊತೆಯಲ್ಲೇ ಹೋಗಬೇಕಾದ್ದರಿಂದ ಕಾಯುವುದೂ ಸೇರಿ ಎರಡು ಗಂಟೆ ಇದಕ್ಕೇ ಎತ್ತಿಡಬೇಕಾಗುತ್ತದೆ.

ಒಂದೇ ವಸ್ತುವಿಗಾಗಿ ಊರಿಗೆ ಹೋಗಬಹುದೆ ಎಂದು ಕೇಳಿದರೆ, ನೇಪಲ್ಸಿನ ವಿಷಯದಲ್ಲಿ ಹೌದು ಎನ್ನುತ್ತೇನೆ. ಸಾನ್ಸೆವೆರೋ ಎಂಬ ಪುಟ್ಟ ಚಾಪೆಲ್ಲಿನ ನಡುವೆ ಜುಸೆಪ್ಪೆ ಸಾನ್‌ಮಾರ್ತಿನೋ 1753ರಲ್ಲಿ ಕಡೆದ, ಮೃತ ಕ್ರಿಸ್ತನ ಮೇಲೆ ತೆಳುವಸ್ತ್ರ ಹೊದಿಸಿದಂತಿರುವ ಅಮೃತಶಿಲೆಯ ವಿಗ್ರಹ ಮಲಗಿದೆ. ದೇಹವೂ ವಸ್ತ್ರವೂ ಒಂದೇ ಕಲ್ಲು. ಹಣೆಯ ನರ ಬಟ್ಟೆಯಡಿಯಿಂದ ಉಬ್ಬಿ ಕಾಣುತ್ತದೆ. ಅಂಗೈಯ ಮೊಳೆಗಾಯದ ಬಳಿ ಬಟ್ಟೆ ತುಸು ಕುಸಿದಿದೆ. ಬದಿಯಲ್ಲಿ ಬಿದ್ದಿರುವ ಮುಳ್ಳಿನ ಕಿರೀಟದ ಮುಳ್ಳುಗಳನ್ನು ಎಣಿಸಬಹುದು. ನಿಜವಾದ ಬಟ್ಟೆಯನ್ನೇ ರಸವಿದ್ಯೆಯಿಂದ ಕಲ್ಲಾಗಿಸಿದ್ದಾರೆ ಎಂಬ ಕತೆ ಹುಟ್ಟಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಬೇಲೂರಿನ ಮದನಿಕೆಯರನ್ನು ನೋಡಿ ಬೆಳೆದವರು ಕಲ್ಲಿನ ಕುಸುರಿಗೆ ಸುಲಭವಾಗಿ ಬೆರಗಾಗುವುದಿಲ್ಲ. ಆದರೂ ನಾನು ಆ ವಿಗ್ರಹದ ಸುತ್ತ ನಾಲ್ಕು ಸುತ್ತು ಬಂದೆ. ಫೋಟೋ ತೆಗೆಯಲು ಅಪ್ಪಣೆ ಇಲ್ಲ, ಅದರಿಂದ ಎಲ್ಲರೂ ಕಣ್ಣಿನಿಂದಲೇ ನೋಡುತ್ತಾರೆ. ನಮ್ಮ ಮೊದಲ ಭೇಟಿ ವ್ಯರ್ಥವಾದದ್ದೂ ಈ ಬಾಗಿಲಿನ ಎದುರೇ. ಅಂದು ಮಂಗಳವಾರ, ಚಾಪೆಲ್ಲಿಗೆ ವಾರದ ರಜೆ.

ಜಿನೋವಾದಲ್ಲಿ ಹೀಗೆ ಬೊಟ್ಟು ಮಾಡಿ ತೋರಿಸುವ ಒಂದೇ ವಸ್ತುವಿಲ್ಲ. ಅಲ್ಲಿರುವುದು ಅಡಗಿಸಿಟ್ಟ ಸಿರಿವಂತಿಕೆ. ಹದಿನಾರನೆಯ ಶತಮಾನದಲ್ಲಿ ಸ್ಪೇನಿನ ದೊರೆಗಳಿಗೇ ಸಾಲ ಕೊಡುತ್ತಿದ್ದ ಮನೆತನಗಳು ಕಟ್ಟಿದ ಅರಮನೆಗಳ ಸಾಲು ಇಂದಿನ ಗರಿಬಾಲ್ಡಿ ಬೀದಿ. ಆಗ ಗಣರಾಜ್ಯವಾಗಿದ್ದ ಜಿನೋವಾಕ್ಕೆ ತನ್ನದೇ ರಾಜಮಂದಿರವಿಲ್ಲದ್ದರಿಂದ, ಬಂದ ರಾಜಅತಿಥಿಗಳನ್ನು ಯಾವ ಮನೆ ಉಳಿಸಿಕೊಳ್ಳಬೇಕು ಎಂದು ನಿರ್ಧರಿಸಲು 1576ರಲ್ಲಿ ಅರಮನೆಗಳ ಪಟ್ಟಿ ಮಾಡಿ ಚೀಟಿ ಎತ್ತುವ ವ್ಯವಸ್ಥೆಯಾಯಿತು. ಪಟ್ಟಿಯ ಹೆಸರು ‘ರೋಲ್ಲಿ’. ಅವುಗಳಲ್ಲಿ 42 ಅರಮನೆಗಳು 2006ರಲ್ಲಿ ಯುನೆಸ್ಕೋ ವಿಶ್ವಪರಂಪರೆಗೆ ಸೇರಿದವು. ಇವುಗಳಲ್ಲಿ ಒಂದಾದ ತುರ್ಸಿ ಅರಮನೆ ಈಗ ನಗರಸಭೆ. ಅದೇ ಕಟ್ಟಡದಲ್ಲಿ, ಊರಿನ ಮಗನಾದ ಪ್ರಸಿದ್ಧ ಪಿಟೀಲುವಾದಕ ಪಗನೀನಿ ತನ್ನ ಊರಿಗೇ ಬಿಟ್ಟುಹೋದ, 1743ರಲ್ಲಿ ಗ್ವಾರ್ನೇರಿ ಮಾಡಿದ ಪಿಟೀಲು ಇದೆ. ಪಿಟೀಲು ಕಛೇರಿಗಳಲ್ಲಿ ಕೂತು ಬೆಳೆದ ನನ್ನ ಪತ್ನಿ ಆ ಗಾಜಿನ ಪೆಟ್ಟಿಗೆಯ ಮುಂದೆ ಅರ್ಧ ಗಂಟೆ ನಿಂತಳು. ನಾನು ಆ ಹೊತ್ತಿನಲ್ಲಿ ರೊಸ್ಸೋ ಅರಮನೆಯ ಛಾವಣಿ ಹತ್ತಿ ಇಳಿದು ಬಂದೆ. ಸಾನ್ ಲೊರೆಂತ್ಸೋ ಕೆಥೆಡ್ರಲ್ಲಿನ ಕಪ್ಪು-ಬಿಳಿ ಪಟ್ಟೆಯ ಗೋಡೆಗಳಿಗಿಂತ ನನಗೆ ನೆನಪಿನಲ್ಲಿ ಉಳಿದದ್ದು ಒಳಗೆ ಬಲಬದಿಯಲ್ಲಿ ನಿಲ್ಲಿಸಿರುವ ಆಳೆತ್ತರದ ಫಿರಂಗಿ ಗುಂಡು. 1941ರ ಫೆಬ್ರವರಿ 9ರಂದು ಬ್ರಿಟಿಷ್ ನೌಕಾಪಡೆ ಹಾರಿಸಿದ ಅಂಥ ಗುಂಡೊಂದು ಗೋಡೆ ತೂರಿ ಒಳಬಂದಿತ್ತು, ಸಿಡಿಯಲಿಲ್ಲ.

ನೇಪಲ್ಸಿನಲ್ಲಿ ಕನ್ನಡಿಗರಿಗೆಂದೇ ಒಂದು ಸಣ್ಣ ನಂಟೂ ಇದೆ. 1623ರಲ್ಲಿ ಗೋವಾದಿಂದ ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಗೆ ಬಂದು ಕೆಳದಿಯ ವೆಂಕಟಪ್ಪ ನಾಯಕನ ಆಸ್ಥಾನವನ್ನು ಕಂಡ ಪಿಯೆತ್ರೋ ದೆಲ್ಲಾ ವಾಲ್ಲೆ ರೋಮಿನವನು. ಆದರೆ ತಾನು ಕಂಡುದನ್ನೆಲ್ಲ ಅವನು ಪತ್ರಗಳಾಗಿ ಬರೆದದ್ದು ನೇಪಲ್ಸಿನಲ್ಲಿದ್ದ ತನ್ನ ವೈದ್ಯಮಿತ್ರ ಮಾರಿಯೋ ಸ್ಕಿಪಾನೋಗೆ. ಇಕ್ಕೇರಿಯ ಸುದ್ದಿ ಇದೇ ಊರಿಗೆಂದು ಬರೆದದ್ದು ಎಂಬುದನ್ನು ನೆನೆದುಕೊಂಡು ನಡೆಯುವುದು ಬೇರೆಯೇ ಅನುಭವ.

ಇನ್ನು ಊಟ. ಇಲ್ಲಿ ಜಿನೋವಾ ಬಹಳ ಮುಂದಿದೆ ಎಂದು ನಿಸ್ಸಂಕೋಚವಾಗಿ ಹೇಳಬಲ್ಲೆ. ಕೆಂಪು ಸಂಖ್ಯೆಯ ಆ ಅಂಗಡಿಯಲ್ಲಿ ಕೊನೆಗೂ ತಿಂದದ್ದು ‘ಫರಿನಾತಾ’. ಕಡಲೆ ಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ, ಇಷ್ಟೇ. ದೋಸೆ ಹಿಟ್ಟಿಗಿಂತ ತೆಳ್ಳಗೆ ಕಲಸಿ, ನಮ್ಮ ಮದುವೆಮನೆಯ ಪರಾತಿನಷ್ಟು ಅಗಲದ ತಾಮ್ರದ ತಟ್ಟೆಗೆ ಸುರಿದು, ಸೌದೆಯ ಒಲೆಯೊಳಗೆ ತಳ್ಳುತ್ತಾರೆ. ಮೇಲ್ಭಾಗ ಕೆಂಪಗಾಗಿ ಅಲ್ಲಲ್ಲಿ ಗುಳ್ಳೆಯೆದ್ದಾಗ ಹೊರಗೆಳೆದು ತುಂಡು ಮಾಡಿ ಕಾಗದದ ಮೇಲೆ ಕೊಡುತ್ತಾರೆ. ಅಂಚು ಗರಿಗರಿ, ನಡುಭಾಗ ಮೃದು. ಅಂಚಿನ ತುಂಡನ್ನೇ ಕೇಳಿ ಪಡೆಯಬೇಕು. ತುಳಸಿಯ ಜಾತಿಯ ಬೇಸಿಲ್ ಎಲೆಯನ್ನು ಪೈನ್ ಬೀಜ, ಬೆಳ್ಳುಳ್ಳಿಗಳೊಡನೆ ಕಲ್ಲಿನ ಒರಳಿನಲ್ಲಿ ಅರೆದ ಪೆಸ್ತೋವನ್ನು ಆಲೂಗಡ್ಡೆ, ಹುರುಳಿಕಾಯಿ ಬೆರೆತ ಪಾಸ್ತಾದೊಡನೆ ಕೊಡುವುದೂ ಈ ಊರಿನದೇ ಪದ್ಧತಿ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಒಂದು ಮಾತು ತಿಳಿದಿರಬೇಕು: ಅದರಲ್ಲಿ ಹಾಕುವ ಪಾರ್ಮೆಸಾನ್ ಚೀಸಿನ ಹಾಲನ್ನು ಒಡೆಯಿಸಲು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ.

ನೇಪಲ್ಸಿನಲ್ಲಿ ಪಿಟ್ಜಾ ಇದ್ದೇ ಇದೆ, ಮತ್ತು ಅದು ನಿಜಕ್ಕೂ ಹೆಸರಿಗೆ ತಕ್ಕಂತಿದೆ. ‘ಮರಿನಾರಾ’ ಎಂಬ ಹೆಸರು ಕೇಳಿ ಮೀನಿರಬಹುದೆಂದು ಹೆದರಬೇಕಾಗಿಲ್ಲ. ಅದರಲ್ಲಿ ಟೊಮೆಟೊ, ಬೆಳ್ಳುಳ್ಳಿ, ಒರಿಗಾನೋ, ಎಣ್ಣೆ ಬಿಟ್ಟರೆ ಚೀಸೂ ಇರುವುದಿಲ್ಲ. ಅಪಾಯವಿರುವುದು ಬೀದಿಯ ತಿನಿಸುಗಳಲ್ಲಿ. ಕಪ್ಪೆಚಿಪ್ಪಿನಾಕಾರದ ಗರಿಗರಿ ಸಿಹಿ ‘ಸ್ಫೊಲ್ಯಾತೆಲ್ಲಾ’ದ ಪದರಗಳಿಗೂ, ಮೆಣಸು ಹಾಕಿದ ಬಳೆಯಾಕಾರದ ‘ತರಲ್ಲಿ’ಗೂ ಹಂದಿಯ ಕೊಬ್ಬು ಹಾಕುವುದು ಸಂಪ್ರದಾಯ. ನಾನು ಮೊದಲನೆಯದನ್ನು ಎರಡು ತಿಂದಾದ ಮೇಲೆ ಇದು ತಿಳಿಯಿತು. ಪತ್ನಿ ಏನೂ ಹೇಳಲಿಲ್ಲ, ಅಂಗಡಿಯಾತನನ್ನು ಮೊದಲು ಕೇಳಿದ್ದವಳು ಅವಳೇ ಆಗಿದ್ದಳು.

ನಡಿಗೆಯ ಸುಖದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೇಪಲ್ಸಿನ ಕಪ್ಪು ಲಾವಾ ಕಲ್ಲಿನ ಹಾಸಿನ ಮೇಲೆ ಸ್ಕೂಟರುಗಳು ಜನರ ನಡುವೆಯೇ ನುಗ್ಗುತ್ತವೆ. ಜಿನೋವಾದ ಸಂದಿಗಳಲ್ಲಿ ಗದ್ದಲ ಕಡಿಮೆ, ಆದರೆ ಬಂದರಿಗೆ ಹತ್ತಿರದ ಕೆಲವು ಓಣಿಗಳು ಕತ್ತಲಾದ ಮೇಲೆ ಸಂಸಾರವಂದಿಗರು ಹೋಗುವಂಥವಲ್ಲ. ಕಡಲಿನ ಆಸೆಯಿಂದ ಹೋಗುವವರಿಗೆ ಎರಡೂ ಊರು ನಿರಾಸೆ ಮಾಡುತ್ತವೆ. ನೇಪಲ್ಸಿನ ಹಳೆಯ ಬೀದಿಗಳಲ್ಲಿ ದಿನವಿಡೀ ನಡೆದರೂ ಸಮುದ್ರ ಕಾಣದು. ಜಿನೋವಾದಲ್ಲಿ ಕಾಣುತ್ತದೆ, ಆದರೆ ಊರಿಗೂ ಬಂದರಿಗೂ ನಡುವೆ 1965ರಲ್ಲಿ ಕಟ್ಟಿದ ಮೇಲ್ಸೇತುವೆ ರಸ್ತೆಯ ಕಂಬಗಳ ಸಂದಿಯಿಂದ.

ನಮ್ಮ ತೀರ್ಮಾನ ಕೊನೆಗೆ ಹೀಗಾಯಿತು. ಮೊದಲ ಸಲ ಇಟಲಿಗೆ ಬಂದು, ಮಂಡಿ ಗಟ್ಟಿಯಿದ್ದು, ಟಿಕೆಟುಗಳನ್ನು ಮೊದಲೇ ಕಾದಿರಿಸಬಲ್ಲವರಿಗೆ ನೇಪಲ್ಸೇ ಸರಿ. ಅದರ ನೇರ ಬೀದಿ ಒಂದು ಹಗಲಿನಲ್ಲಿ ತನ್ನನ್ನು ಪೂರ್ತಿಯಾಗಿ ಒಪ್ಪಿಸಿಕೊಳ್ಳುತ್ತದೆ. ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ, ಊಟದ ಮಡಿ ಇರುವವರಿಗೆ, ಮತ್ತೊಮ್ಮೆ ಬರುವ ಅವಕಾಶವಿರುವವರಿಗೆ ಜಿನೋವಾ; ಆದರೆ ಬೆಳಿಗ್ಗೆ ಮೊದಲು ಲಿಫ್ಟ್ ಹತ್ತಿಯೇ ಕೆಳಗಿಳಿಯಬೇಕು. ನನ್ನ ಅತ್ತೆ-ಮಾವ ಬಂದಾಗ ನಾವು ಕರೆದೊಯ್ದದ್ದು ಜಿನೋವಾಕ್ಕೆ. ಈಗ ಯಾರಾದರೂ ಫೋನು ಮಾಡಿ ಕೇಳಿದರೆ ನಾನು ಮೊದಲು ವಿಚಾರಿಸುವುದು, ಉಳಿದಿರುವ ಆ ದಿನ ಯಾವ ವಾರ ಎಂದು. ಗರಿಬಾಲ್ಡಿ ಬೀದಿಯ ಅರಮನೆ ಸಂಗ್ರಹಾಲಯಗಳಿಗೆ ಸೋಮವಾರ ರಜೆ, ಸಾನ್ಸೆವೆರೋಗೆ ಮಂಗಳವಾರ. ಸೋಮವಾರವಾದರೆ ನೇಪಲ್ಸ್, ಮಂಗಳವಾರವಾದರೆ ಜಿನೋವಾ.