ಬ್ಯಾಂಕ್ ನೌಕರರ 12ನೇ ವೇತನ ಒಪ್ಪಂದ: ಶೇ 17ರ ಹೆಚ್ಚಳದೊಳಗೆ ಏನಿದೆ?

ಭಾರತೀಯ ಬ್ಯಾಂಕುಗಳ ಸಂಘ ಮತ್ತು ನೌಕರ ಸಂಘಟನೆಗಳು 2024ರ ಮಾರ್ಚ್ 8ರಂದು ಸಹಿ ಹಾಕಿದ 12ನೇ ದ್ವಿಪಕ್ಷೀಯ ಒಪ್ಪಂದವು 2022ರ ನವೆಂಬರ್ 1ರಿಂದ ಐದು ವರ್ಷಗಳ ಮಟ್ಟಿಗೆ ನಮ್ಮ ಸಂಬಳ, ರಜೆ ಮತ್ತಿತರ ಸೌಲಭ್ಯಗಳನ್ನು ನಿಗದಿಪಡಿಸಿದೆ. ದಾವಣಗೆರೆಯ ಮಂಡಿಪೇಟೆಯಲ್ಲಿರುವ ಸರ್ಕಾರಿ ಬ್ಯಾಂಕೊಂದರ ಶಾಖೆಯಲ್ಲಿ ಕ್ಲರ್ಕ್ ಆಗಿರುವ ನನ್ನನ್ನು, ಕೋಚಿಂಗ್ ಮುಗಿಸಿ ಪರೀಕ್ಷೆಗೆ ಕಾಯುತ್ತಿರುವ ಪರಿಚಿತರ ಮಕ್ಕಳು ಕೇಳುವ ಪ್ರಶ್ನೆ ಒಂದೇ: ‘ಮೇಡಂ, ಕೈಗೆ ಎಷ್ಟು ಬರುತ್ತೆ?’ ಆ ಪ್ರಶ್ನೆಗೆ ಉತ್ತರ ಸುಲಭ. ಆದರೆ ಒಪ್ಪಂದದ ಬೆಲೆಯನ್ನು ಕೈಗೆ ಬರುವ ಮೊತ್ತದಿಂದಷ್ಟೇ ಅಳೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಆದ್ದರಿಂದ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಒಪ್ಪಂದದ ದೊಡ್ಡ ಗುಣ ಎಂದರೆ ಅದು ಎಲ್ಲರಿಗೂ ಒಂದೇ ಎಂಬುದು. 1966ರಲ್ಲಿ ಮೊದಲ ದ್ವಿಪಕ್ಷೀಯ ಒಪ್ಪಂದವಾಗುವ ಮುನ್ನ ನಮ್ಮ ಹಿರಿಯರು ಶಾಸ್ತ್ರಿ ಮತ್ತು ದೇಸಾಯಿ ನ್ಯಾಯಮಂಡಳಿಗಳ ತೀರ್ಪಿಗಾಗಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಈಗ ಮಾತುಕತೆಯ ಮೇಜಿನಲ್ಲಿ ತೀರ್ಮಾನವಾದ ವೇತನ ಶ್ರೇಣಿಯೇ ಮುಂಬೈಯ ಕ್ಲರ್ಕಿಗೂ ಜಗಳೂರಿನ ಕ್ಲರ್ಕಿಗೂ ಅನ್ವಯಿಸುತ್ತದೆ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾದಾಗ ನಮ್ಮ ಜಿಲ್ಲೆಯ ಎಷ್ಟೋ ಶಾಖೆಗಳ ಫಲಕ ಬದಲಾಯಿತು, ವೇತನ ಶ್ರೇಣಿ ಮಾತ್ರ ಬದಲಾಗಲಿಲ್ಲ. ಎರಡೂ ಬ್ಯಾಂಕುಗಳು ಒಂದೇ ಒಪ್ಪಂದದ ಅಡಿಯಲ್ಲಿದ್ದುದೇ ಅದಕ್ಕೆ ಕಾರಣ. ಗಿರಣಿ ಕಾರ್ಮಿಕರನ್ನು ಸಂಘಟಿಸಿ ಶಾಸಕರೂ ಆದ ಪಂಪಾಪತಿಯವರ ಊರಿನಲ್ಲಿ ಸಂಘದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಈಗ ಸೇರುತ್ತಿರುವ ಹೊಸಬರಲ್ಲಿ ಹಲವರು ಸದಸ್ಯತ್ವದ ಅರ್ಜಿಗೆ ಸಹಿ ಹಾಕಲು ಹಿಂದೆಮುಂದೆ ನೋಡುವುದನ್ನು ಕಂಡಿದ್ದೇನೆ, ಅದು ನನಗೆ ಬೇಸರ ತರುತ್ತದೆ.

ಇನ್ನು ಹಣದ ವಿಷಯ. ಕ್ಲರ್ಕಿನ ಮೂಲ ವೇತನ 17,900 ರೂಪಾಯಿಯಿಂದ 24,050ಕ್ಕೆ ಏರಿದೆ, ಶ್ರೇಣಿಯ ಗರಿಷ್ಠ ಮಟ್ಟ 47,920ರಿಂದ 64,480ಕ್ಕೆ ತಲುಪಿದೆ. ಪದವೀಧರರಿಗೆ ಎರಡು ಇಂಕ್ರಿಮೆಂಟ್ ಸೇರುವುದರಿಂದ ಅವರ ಆರಂಭಿಕ ಮೂಲ ವೇತನ 26,730 ಆಗುತ್ತದೆ. ಇಷ್ಟನ್ನೇ ನೋಡಿದವರು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಏರಿಕೆಯಾಯಿತು ಎಂದು ತಿಳಿಯುತ್ತಾರೆ, ಆದರೆ ಲೆಕ್ಕ ಬೇರೆಯೇ ಇದೆ. ಹಳೆಯ 17,900ರ ಮೇಲೆ ಆಗಲೇ ಬರುತ್ತಿದ್ದ ತುಟ್ಟಿಭತ್ಯೆಯನ್ನು, ಅಂದರೆ ಗ್ರಾಹಕ ಬೆಲೆ ಸೂಚ್ಯಂಕದ 8088 ಅಂಶಗಳವರೆಗಿನ ಶೇ 30.38ನ್ನು, ಮೂಲ ವೇತನದಲ್ಲಿ ವಿಲೀನಗೊಳಿಸಿದಾಗಲೇ ಅದು 23,338 ಆಗುತ್ತದೆ. ಅದರ ಮೇಲೆ ಹೊಸದಾಗಿ ಸೇರಿದ್ದು ಶೇ 3 ಮಾತ್ರ.

ಹಾಗಾದರೆ ಪತ್ರಿಕೆಗಳಲ್ಲಿ ಬಂದ ಶೇ 17 ಎಲ್ಲಿ ಹೋಯಿತು? ಒಟ್ಟು ವೇತನ ವೆಚ್ಚದ ಮೇಲೆ ಶೇ 17ರಷ್ಟು, ಅಂದರೆ ಸರ್ಕಾರಿ ಬ್ಯಾಂಕುಗಳಿಗೆ ವರ್ಷಕ್ಕೆ ಸುಮಾರು 8,284 ಕೋಟಿ ರೂಪಾಯಿಯ ಹೆಚ್ಚಳವನ್ನು ಒಪ್ಪಿಕೊಂಡಿರುವುದು ನಿಜ. ಆದರೆ ಅದರ ದೊಡ್ಡ ಪಾಲು ಮೂಲ ವೇತನಕ್ಕೆ ಬರದೆ ‘ವಿಶೇಷ ಭತ್ಯೆ’ಗೆ ಹೋಗಿದೆ. 2015ರ 10ನೇ ಒಪ್ಪಂದದಲ್ಲಿ ಮೂಲ ವೇತನದ ಶೇ 7.75 ಎಂದು ಶುರುವಾದ ಈ ಭತ್ಯೆ 2020ರಲ್ಲಿ ಶೇ 16.4 ಆಯಿತು, ಈಗ ಶೇ 26.5ಕ್ಕೆ ಬಂದು ನಿಂತಿದೆ. ಸಂಬಳದ ಚೀಟಿಯಲ್ಲಿ ಇದು ಮೂಲ ವೇತನದ ಪಕ್ಕದಲ್ಲೇ ಇರುತ್ತದೆ, ಇದರ ಮೇಲೆ ತುಟ್ಟಿಭತ್ಯೆಯೂ ಸಿಗುತ್ತದೆ. ಆದರೆ ಪಿಂಚಣಿ, ಭವಿಷ್ಯ ನಿಧಿ, ಗ್ರಾಚ್ಯುಟಿ ಇವು ಯಾವುದರ ಲೆಕ್ಕಕ್ಕೂ ಈ ಭತ್ಯೆ ಬರುವುದಿಲ್ಲವೆಂದು ಒಪ್ಪಂದವೇ ಸ್ಪಷ್ಟವಾಗಿ ಹೇಳುತ್ತದೆ.

ಇದರ ಪರಿಣಾಮ ಹೊಸಬರ ಮೇಲೆ ಹೇಗಿದೆ ಎಂಬುದನ್ನು ಅವರ ಚೀಟಿಯನ್ನೇ ಮುಂದಿಟ್ಟುಕೊಂಡು ನೋಡಬಹುದು. 26,730 ಮೂಲ ವೇತನಕ್ಕೆ ವಿಶೇಷ ಭತ್ಯೆ 7,083 ರೂಪಾಯಿ. 2010ರ ಏಪ್ರಿಲ್ ನಂತರ ಸೇರಿದವರೆಲ್ಲ ರಾಷ್ಟ್ರೀಯ ಪಿಂಚಣಿ ಯೋಜನೆಯಲ್ಲಿದ್ದಾರೆ, ಅವರ ಖಾತೆಗೆ ಬ್ಯಾಂಕು ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 14ರಷ್ಟನ್ನು ಜಮಾ ಮಾಡುತ್ತದೆ. ಆ 7,083 ರೂಪಾಯಿ ಮೂಲ ವೇತನದಲ್ಲೇ ಸೇರಿದ್ದರೆ, ತುಟ್ಟಿಭತ್ಯೆಯನ್ನು ಬಿಟ್ಟರೂ, ಬ್ಯಾಂಕಿನ ಪಾಲು ತಿಂಗಳಿಗೆ 990 ರೂಪಾಯಿಯಷ್ಟು ಹೆಚ್ಚಾಗುತ್ತಿತ್ತು. ಮೂವತ್ತು ವರ್ಷ ಬೆಳೆಯಬೇಕಾದ ಹಣ ಅದು. ಸೇವೆಯ ಕೊನೆಯಲ್ಲಿ 64,480ರ ಮಟ್ಟದಲ್ಲಿರುವವರಿಗೆ ಹೀಗೆ ಲೆಕ್ಕದಿಂದ ಹೊರಗುಳಿಯುವ ಮೊತ್ತ ತಿಂಗಳಿಗೆ 17,000 ರೂಪಾಯಿಯನ್ನು ದಾಟುತ್ತದೆ, ಗ್ರಾಚ್ಯುಟಿಯ ಲೆಕ್ಕ ಹಾಕುವ ದಿನ ಅದರ ಬಿಸಿ ತಟ್ಟುತ್ತದೆ. ನಾನು ಈ ಒಪ್ಪಂದಕ್ಕೆ ಐದರಲ್ಲಿ ಮೂರೂವರೆ ಅಂಕ ಮಾತ್ರ ಕೊಡುವುದಕ್ಕೆ ಮುಖ್ಯ ಕಾರಣ ಇದೇ.

ರಜೆಯ ವಿಷಯದಲ್ಲಿ ಒಪ್ಪಂದ ಉದಾರವಾಗಿದೆ. ನಿವೃತ್ತಿಯ ಸಮಯದಲ್ಲಿ 255 ದಿನಗಳವರೆಗಿನ ಗಳಿಕೆ ರಜೆಯನ್ನು ನಗದು ಮಾಡಿಕೊಳ್ಳಬಹುದು. ಮಹಿಳಾ ನೌಕರರು ತಿಂಗಳಿಗೆ ಒಂದು ದಿನ ವೈದ್ಯಕೀಯ ಪ್ರಮಾಣಪತ್ರವಿಲ್ಲದೆ ಅನಾರೋಗ್ಯ ರಜೆ ತೆಗೆದುಕೊಳ್ಳಬಹುದು ಎಂಬ ಕಲಮನ್ನು ನಾನು ಮನಸಾರೆ ಮೆಚ್ಚುತ್ತೇನೆ. ಇದು ಹೆಚ್ಚುವರಿ ರಜೆಯಲ್ಲ, ನಮ್ಮದೇ ಅನಾರೋಗ್ಯ ರಜೆಯ ಖಾತೆಯಿಂದ ಕಳೆಯುವಂಥದ್ದು. ಆದರೂ ಹೊಟ್ಟೆನೋವು ತಡೆಯಲಾರದೆ ಮನೆಯಲ್ಲಿ ಮಲಗಬೇಕಾದ ದಿನ ಒಂದು ಚೀಟಿಗಾಗಿ ಡಾಕ್ಟರ ಬಾಗಿಲಲ್ಲಿ ಕಾಯುವ ಕಷ್ಟ ತಪ್ಪಿತು. ಮೆಕ್ಕೆಜೋಳದ ಹಣ ಬರುವ ಕಾಲದಲ್ಲಿ, ಅಡತಿ ಅಂಗಡಿಯವರೂ ರೈತರೂ ಒಟ್ಟಿಗೇ ನಗದು ಕೌಂಟರಿನ ಮುಂದೆ ನಿಂತಿರುವಾಗ, ಇರುವ ಒಬ್ಬಳೇ ಕ್ಯಾಷಿಯರ್ ರಜೆ ಕೇಳಲು ಹಿಂಜರಿಯುತ್ತಾಳೆ ಎಂಬುದು ಬೇರೆ ಮಾತು. ಸಿಬ್ಬಂದಿಯ ಸಂಖ್ಯೆ ಹೆಚ್ಚದೆ ಇಂಥ ಕಲಮುಗಳ ಪೂರ್ಣ ಪ್ರಯೋಜನ ಸಿಗುವುದಿಲ್ಲ.

ವಾರಕ್ಕೆ ಐದು ದಿನದ ಕೆಲಸ ನಮ್ಮೆಲ್ಲರ ಆಸೆಯಾಗಿತ್ತು. ಎರಡನೇ ಮತ್ತು ನಾಲ್ಕನೇ ಶನಿವಾರದ ರಜೆ 2015ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಉಳಿದ ಶನಿವಾರಗಳನ್ನೂ ರಜೆಯಾಗಿಸಲು ಎರಡೂ ಕಡೆಯವರು ಒಪ್ಪಿದರೂ, ಜಾರಿಯನ್ನು ಸರ್ಕಾರದ ಅನುಮತಿಗೆ ಬಿಡಲಾಯಿತು. ಸಹಿಯಾದ ದಿನವೇ ಕೈಗೆ ಸಿಗದ ಸೌಲಭ್ಯವನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ನಿವೃತ್ತರ ಪಾಲಿಗೆ ಒಪ್ಪಂದ ಕೊಟ್ಟದ್ದು ಕಡಿಮೆ. ಪಿಂಚಣಿ ಪರಿಷ್ಕರಣೆಯ ಹಳೆಯ ಬೇಡಿಕೆ ಹಾಗೆಯೇ ಉಳಿದು, 2022ರ ಅಕ್ಟೋಬರ್ 31ರವರೆಗೆ ಪಿಂಚಣಿಗೆ ಅರ್ಹರಾದವರಿಗೆ ಮಾಸಿಕ ಎಕ್ಸ್‌ಗ್ರೇಷಿಯಾ, ಅಂದರೆ ಪಿಂಚಣಿಯ ಭಾಗವಲ್ಲದ ಅನುಗ್ರಹ ಮೊತ್ತ, ಮಾತ್ರ ಸಿಕ್ಕಿತು. ಆರೋಗ್ಯ ವಿಮೆಯಲ್ಲಂತೂ ಅನ್ಯಾಯ ಎದ್ದು ಕಾಣುತ್ತದೆ. ಸೇವೆಯಲ್ಲಿರುವ ಕ್ಲರ್ಕಿನ ಕುಟುಂಬಕ್ಕೆ ಮೂರು ಲಕ್ಷ ರೂಪಾಯಿಯ ಗುಂಪು ವಿಮೆಯ ಕಂತನ್ನು ಬ್ಯಾಂಕೇ ಕಟ್ಟುತ್ತದೆ, ಆದರೆ ನಿವೃತ್ತರಾದವರು ಅದೇ ರಕ್ಷಣೆ ಬೇಕೆಂದರೆ ಕಂತನ್ನು ತಾವೇ ಭರಿಸಬೇಕು. ಕಾಯಿಲೆ ಹೆಚ್ಚುವ ವಯಸ್ಸಿನಲ್ಲಿ, ಆದಾಯ ಇಳಿದ ಮೇಲೆ, ಈ ಹೊರೆ ಅವರ ತಲೆಯ ಮೇಲೆ ಬೀಳುತ್ತದೆ. ವಿನೋಬನಗರದಲ್ಲಿರುವ ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಪ್ರತಿ ವರ್ಷ ನವೀಕರಣದ ಹೊತ್ತಿಗೆ ಶಾಖೆಗೆ ಬಂದು, ಕಡಿಮೆ ಮೊತ್ತದ ವಿಮೆಯನ್ನು ಆರಿಸಿಕೊಂಡರೆ ಪತ್ನಿಯ ಚಿಕಿತ್ಸೆಗೆ ಸಾಲುತ್ತದೆಯೇ ಎಂದು ಕೇಳುತ್ತಾರೆ. ಮೂವತ್ತೈದು ವರ್ಷ ಇದೇ ಕೌಂಟರಿನಲ್ಲಿ ದುಡಿದವರಿಗೆ ನಾನು ಕೊಡಬಲ್ಲ ಉತ್ತರ ನನಗೇ ಸಮಾಧಾನ ತರುವುದಿಲ್ಲ.

ದಿನಗೂಲಿಯಲ್ಲಿ ಕಸ ಗುಡಿಸುವವರು, ಏಜೆನ್ಸಿಯ ಮೂಲಕ ಬಂದ ಕಾವಲುಗಾರರು, ಹಳ್ಳಿಗಳಲ್ಲಿ ಬ್ಯಾಂಕಿನ ಪರವಾಗಿ ಹಣ ಕೊಡುವ ಬ್ಯಾಂಕ್ ಮಿತ್ರರು, ಇವರಾರಿಗೂ ಈ ವೇತನ ಶ್ರೇಣಿ ಅನ್ವಯಿಸುವುದಿಲ್ಲ. ನಮ್ಮೊಡನೆ ಒಂದೇ ಮೇಜಿನಲ್ಲಿ ಊಟಕ್ಕೆ ಕೂರುವವರು ಒಪ್ಪಂದದ ಹೊರಗಿರುವುದು ಸಂಘ ಗಂಭೀರವಾಗಿ ಯೋಚಿಸಬೇಕಾದ ಸಂಗತಿ.

ಒಪ್ಪಂದಕ್ಕೆ ಸಹಿ ಬೀಳುವ ಹೊತ್ತಿಗೆ ಅದು ಅನ್ವಯವಾಗಬೇಕಾದ ದಿನ ಕಳೆದು 16 ತಿಂಗಳಾಗಿತ್ತು, ಹಾಗಾಗಿ ಹಿಂಬಾಕಿ ಒಟ್ಟಿಗೇ ಬಂತು. ಹೀಗೆ ಬಂದ ಹಣಕ್ಕೆ ಒಂದೇ ವರ್ಷದಲ್ಲಿ ಪೂರ್ತಿ ತೆರಿಗೆ ಕಟ್ಟಬೇಕಾಗಿಲ್ಲ, ಆದಾಯ ತೆರಿಗೆ ವಿವರ ಸಲ್ಲಿಸುವ ಮುನ್ನ ಫಾರಂ 10ಇ ತುಂಬಿದರೆ ಆಯಾ ವರ್ಷಕ್ಕೆ ಹಂಚಿ ಪರಿಹಾರ ಪಡೆಯಲು ಅವಕಾಶವಿತ್ತು. ಮುಂದಿನ ಸಲವೂ ಒಪ್ಪಂದ ತಡವಾದರೆ ಇದನ್ನು ನೆನಪಿನಲ್ಲಿಡಿ.

ಕೆಲಸಕ್ಕೆ ಸೇರಲೇ ಎಂದು ಕೇಳುವವರಿಗೆ ನನ್ನ ಸಲಹೆ: ಧೈರ್ಯವಾಗಿ ಸೇರಿ, ಸೇರಿದ ತಿಂಗಳೇ ಸಂಘದ ಸದಸ್ಯರೂ ಆಗಿ. ಈ ಒಪ್ಪಂದದ ಅವಧಿ 2027ರ ಅಕ್ಟೋಬರ್ 31ಕ್ಕೆ ಮುಗಿಯುತ್ತದೆ. ಮುಂದಿನ ಬೇಡಿಕೆಗಳ ಪಟ್ಟಿಗೆ ಶಾಖೆಯಿಂದ ಸಲಹೆ ಕೇಳಿದಾಗ, ಶೇಕಡಾವಾರು ಹೆಚ್ಚಳಕ್ಕಿಂತ ಮೊದಲು ವಿಶೇಷ ಭತ್ಯೆಯನ್ನು ಮೂಲ ವೇತನದಲ್ಲಿ ವಿಲೀನಗೊಳಿಸಬೇಕು ಮತ್ತು ನಿವೃತ್ತರ ವಿಮೆಯ ಕಂತನ್ನು ಬ್ಯಾಂಕುಗಳೇ ಭರಿಸಬೇಕು ಎಂಬ ಎರಡು ಬೇಡಿಕೆಗಳನ್ನು ನಾನು ಬರೆದುಕೊಡಲಿದ್ದೇನೆ.